ಆಯುಸ್ಸು ಎಣಿಸಿದವರು, ಆಯುಸ್ಸು ಕೊಟ್ಟವರು: ಉತ್ತನೂರಿನ ದಾಸಕಥನಗಳಲ್ಲಿ ವೃತ್ತಿ ಬದಲಾವಣೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

  ನನ್ನ ಧ್ವನಿ ಸರಿಯಾಗಿ ಕೇಳಿಸ್ತಾ ಇದೆ ಅಂದುಕೊಂಡು ಶುರು ಮಾಡ್ತೀನಿ.

ನಾನು ಆರಿಸಿಕೊಂಡ ವಿಷಯ ವೃತ್ತಿ ಬದಲಾವಣೆ. ಇದು ಸಾಹಿತ್ಯದ ವಿಷಯವೇ ಅಲ್ಲ, ಮ್ಯಾನೇಜ್‌ಮೆಂಟ್ ತರಗತಿಯ ವಿಷಯ ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ನಮ್ಮ ಹರಿದಾಸರ ಜೀವನಕಥನಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಚಿನಿವಾರ ವ್ಯಾಪಾರ ಮಾಡುತ್ತಿದ್ದ ಶ್ರೀನಿವಾಸ ನಾಯಕರು ಪುರಂದರದಾಸರಾದರು. ಆದಿಲಶಾಹಿ ದರ್ಬಾರಿನ ಅಧಿಕಾರ ಬಿಟ್ಟು ಮಹಿಪತಿದಾಸರು ಕಾಖಂಡಕಿಗೆ ಬಂದು ನೆಲೆಸಿದರು. ಭವಿಷ್ಯ ಹೇಳುತ್ತಿದ್ದ ಭಾಗಣ್ಣ ಗೋಪಾಲದಾಸರಾದರು. ಸಂಸ್ಕೃತ ಪಂಡಿತ ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾದರು. ಒಬ್ಬ ಮನುಷ್ಯ ನಡುವಯಸ್ಸಿನಲ್ಲೋ ಯೌವನದಲ್ಲೋ ತನ್ನ ಕೆಲಸ ಬಿಟ್ಟು ಇನ್ನೊಂದು ಕೆಲಸಕ್ಕೆ ಬರುವುದು ಈ ಕಥೆಗಳ ಬೆನ್ನೆಲುಬು. ನಾವು ಇವನ್ನು ವೈರಾಗ್ಯದ ಕಥೆಗಳು, ಪವಾಡದ ಕಥೆಗಳು ಅಂತ ಓದುತ್ತಾ ಬಂದಿದ್ದೇವೆ. ಕೆಲಸದ ಕಥೆಗಳು ಅಂತ ಓದಿಲ್ಲ. ಹಾಗೆ ಓದಿದರೆ ಏನು ಸಿಗುತ್ತದೆ ಅನ್ನೋದು ಇವತ್ತಿನ ನನ್ನ ಪ್ರಶ್ನೆ.

೧. ಜಾಗದ ಬಗ್ಗೆ ಎರಡು ಮಾತು

ನಾನು ಮುಖ್ಯವಾಗಿ ನೋಡುವ ಘಟನೆ ನಡೆದದ್ದು ಉತ್ತನೂರಿನಲ್ಲಿ. ಈ ಊರು ಈಗ ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆಯ ಐಜ ಮಂಡಲದಲ್ಲಿದೆ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ನೆಲವನ್ನು ಅಲ್ಲಿಯ ಜನ ನಡಿಗಡ್ಡ ಅಂತಾರೆ. 1956ರ ನವೆಂಬರ್ 1ಕ್ಕೆ ಮೊದಲು ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ಭಾಷಾವಾರು ವಿಂಗಡಣೆಯಲ್ಲಿ ಮಹಬೂಬನಗರಕ್ಕೆ ಸೇರಿದವು. ಕೃಷ್ಣೆಯ ಆಚೆ ದಡದ ಮಕ್ತಲ್, ನಾರಾಯಣಪೇಟೆಗಳದ್ದು 2019ರಿಂದ ಬೇರೆ ಜಿಲ್ಲೆ.

ಈ ಗಡಿಗಳೆಲ್ಲ ಆಮೇಲೆ ಬಂದವು. 18ನೇ ಶತಮಾನದಲ್ಲಿ ವಿಜಯದಾಸರ ಚೀಕಲಪರವಿ, ಗೋಪಾಲದಾಸರು ಹುಟ್ಟಿದ ಮೊಸರಕಲ್ಲು, ಜಗನ್ನಾಥದಾಸರ ಮಾನ್ವಿ, ಮಂತ್ರಾಲಯ, ಉತ್ತನೂರು, ಐಜ, ವೇಣಿಸೋಮಪುರ ಇವೆಲ್ಲ ಒಂದೇ ಓಡಾಟದ ವಲಯ. ನಡೆದುಕೊಂಡೇ ಹೋಗಿ ಬರುವ ದೂರ. ನಮ್ಮ ಸಾಹಿತ್ಯ ಚರಿತ್ರೆಗಳು ‘ರಾಯಚೂರು ಜಿಲ್ಲೆಯ ದಾಸರು’ ಅಂತ ಬರೆದಾಗ ಉತ್ತನೂರು ಆ ಸಾಲಿನಿಂದ ಮೆಲ್ಲಗೆ ಜಾರಿಬಿಡುತ್ತದೆ. ಆದರೆ ಆ ಪರಂಪರೆಯ ಮುಖ್ಯ ತಿರುವು ಅಲ್ಲೇ ಇದೆ.

೨. ಕಥೆ ಏನು ಹೇಳುತ್ತದೆ

ಸಂಪ್ರದಾಯದಲ್ಲಿ ಹೇಳುವ ಕಥೆ ನಿಮಗೆಲ್ಲ ಗೊತ್ತಿರುತ್ತದೆ. ಆದರೂ ಕೆಲಸದ ಕಣ್ಣಿನಿಂದ ಒಮ್ಮೆ ಚುಟುಕಾಗಿ ಹೇಳ್ತೀನಿ.

ಶ್ರೀನಿವಾಸಾಚಾರ್ಯರು ಮಾನ್ವಿ ಸೀಮೆಯ ಬ್ಯಾಗವಟ್ಟಿಯವರು. ವರದೇಂದ್ರ ತೀರ್ಥರ ಬಳಿ ಓದಿದ ದ್ವೈತ ಪಂಡಿತರು. ಶಿಷ್ಯರಿದ್ದರು, ಮರ್ಯಾದೆ ಇತ್ತು, ವಾದದಲ್ಲಿ ಹೆಸರಿತ್ತು. ಕನ್ನಡದಲ್ಲಿ ಹಾಡಿಕೊಂಡು ತಿರುಗುವ ದಾಸರ ಬಗ್ಗೆ ಅವರಿಗೆ ತಾತ್ಸಾರ. ವಿಜಯದಾಸರು ಊಟಕ್ಕೆ ಕರೆದರೆ ಹೊಟ್ಟೆನೋವು ಅಂತ ನೆಪ ಹೇಳಿ ತಪ್ಪಿಸಿಕೊಂಡರಂತೆ. ಆ ನೆಪವೇ ನಿಜವಾಯಿತು. ಔಷಧ, ಸೇವೆ ಏನು ಮಾಡಿದರೂ ನೋವು ಹೋಗಲಿಲ್ಲ. ಮಂತ್ರಾಲಯದಲ್ಲಿ ಸ್ವಪ್ನಸೂಚನೆಯಾಗಿ ವಿಜಯದಾಸರ ಬಳಿಗೇ ಬಂದರು. ಅವರು ‘ಗೋಪಾಲದಾಸರ ಹತ್ತಿರ ಹೋಗು’ ಅಂತ ಉತ್ತನೂರಿಗೆ ಕಳಿಸಿದರು. ಗೋಪಾಲದಾಸರು ಧನ್ವಂತ್ರಿಯನ್ನು ಬೇಡಿ ಹಾಡಿದರು, ತಮ್ಮ ಆಯುಸ್ಸಿನಿಂದ 40 ವರ್ಷ ತೆಗೆದು ಶ್ರೀನಿವಾಸಾಚಾರ್ಯರಿಗೆ ಕೊಟ್ಟರು. ಮುಂದೆ ಪಂಢರಪುರದ ಚಂದ್ರಭಾಗೆಯಲ್ಲಿ ‘ಜಗನ್ನಾಥವಿಠಲ’ ಅಂಕಿತ ದೊರೆಯಿತು.

ಇದನ್ನು ಓದುವವರು ಎರಡು ಕಡೆ ನಿಲ್ಲುತ್ತಾರೆ. ಭಕ್ತರು 40 ವರ್ಷದ ದಾನದ ಹತ್ತಿರ ನಿಂತು ಕೈಮುಗಿಯುತ್ತಾರೆ. ವಿಮರ್ಶಕರು ಅದೇ ಜಾಗದಲ್ಲಿ ನಿಂತು, ಇದು ಐತಿಹ್ಯ, ಇತಿಹಾಸವಲ್ಲ ಅಂತ ಪಕ್ಕಕ್ಕಿಡುತ್ತಾರೆ. ಇಬ್ಬರೂ ಒಂದನ್ನು ಕೇಳಿಲ್ಲ ಅಂತ ನನಗನ್ನಿಸುತ್ತದೆ. ಈ ಕಥೆಯನ್ನು ಕಟ್ಟಿದ ಜನ ದಾನ ಕೊಡಲು ಆಯುಸ್ಸನ್ನೇ ಯಾಕೆ ಆರಿಸಿದರು? ಪುಣ್ಯ ಕೊಡಬಹುದಿತ್ತು, ಮಂತ್ರ ಕೊಡಬಹುದಿತ್ತು, ವಿಭೂತಿಯೋ ಮೃತ್ತಿಕೆಯೋ ಕೊಡಬಹುದಿತ್ತು.

೩. ಜೋಯಿಸರ ಲೆಕ್ಕ

ಉತ್ತರ ಗೋಪಾಲದಾಸರ ಹಳೆಯ ಕೆಲಸದಲ್ಲಿದೆ. ತಂದೆ ತೀರಿದ ಮೇಲೆ ದಾಯಾದಿಗಳು ಆಸ್ತಿ ನುಂಗಿದರು, ತಾಯಿ ವೆಂಕಮ್ಮ ನಾಲ್ಕು ಗಂಡುಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟರು. ಹಿರಿಯ ಮಗ ಭಾಗಣ್ಣ ಮುಂದೆ ಭವಿಷ್ಯ ಹೇಳುವುದರಲ್ಲಿ ಹೆಸರು ಮಾಡಿದ. ಅಂದರೆ ಮನೆ ನಿಂತದ್ದು ಈ ವಿದ್ಯೆಯ ಮೇಲೆ. ಭವಿಷ್ಯ ಕೇಳಲು ಬರುವವರ ಪ್ರಶ್ನೆಗಳು ಎಲ್ಲ ಕಾಲಕ್ಕೂ ಸುಮಾರು ಒಂದೇ: ಮದುವೆ ಯಾವಾಗ, ಮಳೆ ಯಾವಾಗ, ಕಳೆದದ್ದು ಸಿಗುತ್ತದೋ ಇಲ್ಲವೋ, ನಾನು ಎಷ್ಟು ವರ್ಷ ಬದುಕ್ತೀನಿ. ಜೋಯಿಸರು ಬೇರೆಯವರ ವರ್ಷ ಎಣಿಸಿ ಹೇಳುವವರು. ಆಯುಸ್ಸು ಅವರ ಕೈಯಲ್ಲಿನ ಲೆಕ್ಕದ ಮಾನ, ವ್ಯಾಪಾರಿಯ ಕೈಯಲ್ಲಿ ಹೊನ್ನು ಇದ್ದ ಹಾಗೆ.

ಈಗ ಕಥೆ ಏನು ಮಾಡುತ್ತದೆ ನೋಡಿ. ಎಣಿಸಿ ಹೇಳುತ್ತಿದ್ದ ಅದೇ ವಸ್ತುವನ್ನು ಎಣಿಸಿ ಕೊಡುವಂತೆ ಮಾಡುತ್ತದೆ. 40 ಅನ್ನುವ ಖಚಿತ ಅಂಕಿ ಅಲ್ಲಿರುವುದು ಅದಕ್ಕೇ. ‘ಅರ್ಧ ಆಯುಸ್ಸು’ ಅಂತ ಹೇಳಲಿಲ್ಲ, ‘ದೀರ್ಘಾಯುಸ್ಸು’ ಅಂತ ಹರಸಲಿಲ್ಲ. ಲೆಕ್ಕಿಗನ ಭಾಷೆಯಲ್ಲೇ ದಾನ ಆಗಿದೆ. ಭಾಗಣ್ಣ ತನ್ನ ವಿದ್ಯೆಯನ್ನು ಎಸೆದು ಗೋಪಾಲದಾಸರಾಗಲಿಲ್ಲ, ಆ ವಿದ್ಯೆ ಮುಖ ತಿರುಗಿಸಿತು ಅಷ್ಟೆ. ಮೊದಲು ಬೇರೆಯವರ ವರ್ಷಗಳಿಂದ ಅವರ ಮನೆ ನಡೆಯುತ್ತಿತ್ತು. ಈಗ ಅವರ ವರ್ಷಗಳಿಂದ ಇನ್ನೊಬ್ಬರ ಕಾವ್ಯ ನಡೆಯಿತು.

ಈ ಮಾತು ಬರೀ ಚಮತ್ಕಾರವಲ್ಲ ಅನ್ನೋದಕ್ಕೆ ಹೋಲಿಕೆ ಕೊಡ್ತೀನಿ. ಪುರಂದರದಾಸರ ಕಥೆಯಲ್ಲೂ ಹೀಗೇ ಇದೆ. ಚಿನ್ನದ ವ್ಯಾಪಾರಿಯನ್ನು ಬದಲಿಸಿದ್ದು ಒಂದು ಮೂಗುತಿ. ಅವರು ದಿನಾ ತೂಗುತ್ತಿದ್ದ ವಸ್ತುವೇ ಅವರನ್ನು ತೂಗಿತು. ಇದಕ್ಕೆ ಉಲ್ಟಾ ಉದಾಹರಣೆ ವಿಜಯದಾಸರು. ದಾಸಪ್ಪ ಅನ್ನುವ ಬಡ ಹುಡುಗನಿಗೆ ಬಿಡುವುದಕ್ಕೆ ಹೇಳಿಕೊಳ್ಳುವಂಥ ವೃತ್ತಿಯೇ ಇರಲಿಲ್ಲ. ಅದಕ್ಕೇ ಅವರ ಕಥೆಯಲ್ಲಿ ಹಳೆಯ ಕೆಲಸದ ವಸ್ತು ಯಾವುದೂ ಬರುವುದಿಲ್ಲ. ಕಾಶಿಯ ಕನಸಿನಲ್ಲಿ ಪುರಂದರದಾಸರು ಬಂದು ನಾಲಿಗೆಯ ಮೇಲೆ ಬರೆಯುತ್ತಾರೆ. ಬರಿಗೈಯವನಿಗೆ ಎಲ್ಲವೂ ಹೊರಗಿನಿಂದಲೇ ಬರಬೇಕು. ಐತಿಹ್ಯಗಳಿಗೂ ಒಂದು ತರ್ಕ ಇದೆ, ಅವು ಮನಸ್ಸಿಗೆ ಬಂದ ಹಾಗೆ ಹುಟ್ಟುವುದಿಲ್ಲ.

೪. ಪಂಡಿತರ ಹೊಟ್ಟೆ

ಇನ್ನು ಶ್ರೀನಿವಾಸಾಚಾರ್ಯರ ಹೊಟ್ಟೆನೋವು. ಉತ್ತನೂರಿನಲ್ಲಿ ಅವರಿಗೆ ಜೋಳದ ಭಕ್ರಿ ತಿನ್ನಿಸಿದರು ಅಂತಲೂ ಹೇಳುತ್ತಾರೆ. ಹೊಟ್ಟೆನೋವು ಅಂದವನಿಗೆ ಯಾರಾದರೂ ಜೋಳದ ಭಕ್ರಿ ಕೊಡ್ತಾರೇನು? ಮೆತ್ತಗಿನ ಅನ್ನ ಕೊಡಬೇಕು, ಮಜ್ಜಿಗೆ ಕೊಡಬೇಕು. ಆದರೆ ಜೋಳ ಆ ನೆಲದ ಅನ್ನ. ಹೊಲದಲ್ಲಿ ದುಡಿಯುವವರ, ದಾಸರ ಜೋಳಿಗೆಗೆ ಹಿಡಿ ಹಿಡಿಯಾಗಿ ಬೀಳುವ ಅನ್ನ. ಪಂಡಿತರಿಗೆ ಜೀರ್ಣವಾಗದೆ ಉಳಿದಿದ್ದು ಏನು ಅಂತ ಕಥೆ ಬಹಳ ಸರಳವಾಗಿ ಹೇಳಿಬಿಡುತ್ತದೆ. ದಾಸರ ಪಂಕ್ತಿಯಲ್ಲಿ ಕೂತು ಉಣ್ಣಲಾರೆ ಅಂದವರು ಆ ಪಂಕ್ತಿಯ ಊಟದಿಂದಲೇ ಗುಣವಾದರು.

ಗುಣವಾದ ಮೇಲೆ ಏನು ಮಾಡಿದರು ಅನ್ನೋದು ವಿಮರ್ಶೆಗೆ ಮುಖ್ಯ. ಹರಿಕಥಾಮೃತಸಾರವನ್ನು ನೋಡಿ: 32 ಸಂಧಿಗಳು, ಭಾಮಿನಿ ಷಟ್ಪದಿ. ಭಾಮಿನಿಯನ್ನೇ ಆರಿಸಿದ್ದು ಆಕಸ್ಮಿಕವಲ್ಲ. ಕುಮಾರವ್ಯಾಸನ ಓದಿನಿಂದ ಆ ನಡೆ ಊರೂರಿನ ಕಿವಿಗೆ ಪರಿಚಯವಾಗಿತ್ತು. ಅಕ್ಷರ ಬಾರದವರೂ ಆ ಲಯವನ್ನು ಹಿಡಿಯಬಲ್ಲರು. ಆದರೆ ಒಳಗೆ ಇಳಿದರೆ ಸಿಗುವುದು ಹದವಾದ ಶಾಸ್ತ್ರ. ಭೋಜನರಸವಿಭಾಗ ಸಂಧಿಯಲ್ಲಿ ಅಡುಗೆಮನೆಯ ಒಂದೊಂದು ಪದಾರ್ಥಕ್ಕೂ ಒಂದೊಂದು ಭಗವದ್ರೂಪವನ್ನು ಜೋಡಿಸುತ್ತಾರೆ. ಶ್ವಾಸ ಸಂಧಿಯಲ್ಲಿ ದಿನದ 21,600 ಉಸಿರುಗಳ ಲೆಕ್ಕ ಬರುತ್ತದೆ. ಇದು ತರ್ಕಶಾಸ್ತ್ರ ಓದಿದ, ವಿಂಗಡಿಸಿ ವಿಂಗಡಿಸಿ ಅಭ್ಯಾಸವಾದ ಬುದ್ಧಿ. ಪಂಡಿತಿಕೆ ಎಲ್ಲೂ ಹೋಗಿಲ್ಲ. ಅದು ಬೇರೆಯವರ ಮುಂದೆ ಕೂತಿದೆ. ಮೊದಲು ಪ್ರತಿವಾದಿಯ ಮುಂದೆ, ಈಗ ಒಲೆಯ ಮುಂದೆ ಕೂತ ಹೆಂಗಸಿನ ಮುಂದೆ. ಆಮೇಲೆ ಪಂಡಿತರೇ ಈ ಕನ್ನಡ ಕೃತಿಗೆ ವ್ಯಾಖ್ಯಾನ ಬರೆದರು. ತಾತ್ಸಾರ ಮಾಡಿದ ಭಾಷೆಗೆ ವಿದ್ವತ್ತು ತಾನಾಗಿ ನಡೆದು ಬಂತು.

ಐಜದ ವೆಂಕಟರಾಮಾಚಾರ್ಯರದ್ದೂ ಇದೇ ದಾರಿ. ಮುಂದೆ ಸನ್ಯಾಸ ಪಡೆದು ವ್ಯಾಸತತ್ವಜ್ಞ ತೀರ್ಥರಾದರು, ಅವರ ವೃಂದಾವನ ವೇಣಿಸೋಮಪುರದಲ್ಲಿದೆ. ಸಂಸ್ಕೃತದಲ್ಲಿ ಬರೆಯುತ್ತಲೇ ‘ವಾಸುದೇವವಿಠಲ’ ಅಂಕಿತದಲ್ಲಿ ಕನ್ನಡದಲ್ಲೂ ಹಾಡಿದರು. ಅವರು ಒಂದನ್ನು ಬಿಟ್ಟು ಒಂದನ್ನು ಹಿಡಿಯಲಿಲ್ಲ.

ಹಾಗಾಗಿ ನನ್ನ ವಾದ ಇಷ್ಟು. ಈ ಕಥನಗಳಲ್ಲಿ ಬದುಕಿಗೆ ಗುರಿ ಸಿಗುವುದು ಹಳೆಯ ಕಸುಬನ್ನು ಕಳಚಿ ಎಸೆದಾಗಲ್ಲ. ಆ ಕಸುಬು ಯಾರಿಗಾಗಿ ಅನ್ನುವುದು ಬದಲಾದಾಗ. ಕೈಯ ಪಳಗಿಕೆ ಅದೇ, ಎದುರಿಗೆ ಕೂತವರು ಬೇರೆ.

೫. ಆಯ್ಕೆ ಯಾರದು?

ಈಗಿನ ಕಾಲದ ಸಲಹೆಗಳು ‘ನಿನ್ನ ಗುರಿಯನ್ನು ನೀನೇ ಆರಿಸಿಕೋ’ ಅನ್ನುತ್ತವೆ. ಐತಿಹ್ಯ ಇದಕ್ಕೆ ತದ್ವಿರುದ್ಧ. ಅಲ್ಲಿ ಯಾರೂ ಆರಿಸಿಕೊಳ್ಳುವುದಿಲ್ಲ. ನೋವು ಬರುತ್ತದೆ, ಕನಸು ಬೀಳುತ್ತದೆ, ಗುರು ಕಳಿಸುತ್ತಾನೆ. ಎರಡೂ ನನಗೆ ಪೂರ್ತಿ ಒಪ್ಪಿಗೆಯಾಗಲ್ಲ. ಮೊದಲನೆಯದು ಕೈಲಾಗದವನ ಮೇಲೆ ತಪ್ಪು ಹೊರಿಸುತ್ತದೆ. ಎರಡನೆಯದು ಕಾಯುತ್ತಾ ಕೂರಲು ಹೇಳುತ್ತದೆ.

ಹರಿಕಥಾಮೃತಸಾರದಲ್ಲೇ ನಡುವಿನ ದಾರಿಯೊಂದಿದೆ: ದತ್ತಸ್ವಾತಂತ್ರ್ಯ ಸಂಧಿ. ಜೀವನಿಗೆ ಸ್ವಾತಂತ್ರ್ಯ ಇದೆ, ಆದರೆ ಅದು ದತ್ತ, ಅಂದರೆ ಕೊಟ್ಟಿದ್ದು. ಇದನ್ನು ಮತದ ಹೊರಗಿಟ್ಟು ಕೂಡ ಓದಬಹುದು. ನಾವು ಕೆಲಸ ಬದಲಿಸುವ ಸ್ವಾತಂತ್ರ್ಯ ಯಾರೋ ನಮಗೆ ಕೊಟ್ಟದ್ದು. ಅದರ ಖರ್ಚನ್ನು ಯಾರೋ ಹೊತ್ತಿರುತ್ತಾರೆ. 40 ವರ್ಷದ ಕಥೆ ಹೇಳುವುದೂ ಇದನ್ನೇ. ಸಂಪ್ರದಾಯದ ಲೆಕ್ಕದಲ್ಲಿ ಜಗನ್ನಾಥದಾಸರ ಕಾಲ 1728ರಿಂದ 1809. ಕಥೆಯನ್ನು ನಂಬಿದರೆ ಅವರ ದೊಡ್ಡ ಕೃತಿ ಇರುವುದು ಇನ್ನೊಬ್ಬರ ವರ್ಷಗಳಲ್ಲಿ. ನಂಬದಿದ್ದರೂ ಒಂದು ಮಾತು ಉಳಿಯುತ್ತದೆ: ಈ ಕೃತಿಯನ್ನು ಒಬ್ಬನ ಸಾಧನೆ ಅಂತ ನೆನಪಿಡಲು ಆ ಸಮುದಾಯ ಒಪ್ಪಲಿಲ್ಲ.

೬. ಕಥೆ ಯಾರನ್ನು ಹೊರಗಿಡುತ್ತದೆ

ಇಲ್ಲಿ ನನ್ನ ವಾದಕ್ಕೆ ನಾನೇ ಆಕ್ಷೇಪ ಎತ್ತಬೇಕು. ಬಿಡುವುದಕ್ಕೂ ಒಂದು ಅನುಕೂಲ ಬೇಕು. ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು, ಗೋಪಾಳ ಬುಟ್ಟಿಯೊಂದಿಗೆ ಯಾಯಿವಾರಕ್ಕೆ ಹೊರಟ ಬ್ರಾಹ್ಮಣ ದಾಸರಿಗೆ ಜನ ಧಾನ್ಯ ಹಾಕಿದರು. ಎಲ್ಲ ಜಾತಿಯವನು ಹಾಗೆ ಬಾಗಿಲಿಗೆ ಬಂದಿದ್ದರೆ ಅದನ್ನು ವೈರಾಗ್ಯ ಅನ್ನುತ್ತಿದ್ದರೋ ತಿರುಪೆ ಅನ್ನುತ್ತಿದ್ದರೋ? ಮನೆಯ ಹೆಂಗಸು ಹೊರಟಿದ್ದರೆ? ಪುರಂದರದಾಸರ ಕಥೆಯಲ್ಲಿ ಹೆಂಡತಿಯ ಮೂಗುತಿ ಇದೆ. ಉತ್ತನೂರಿನ ಕಥೆಯಲ್ಲಿ ತಾಯಿ ವೆಂಕಮ್ಮ ಊರು ಬಿಡುವ ತನಕ ಕಾಣುತ್ತಾರೆ, ಆಮೇಲೆ ಕಾಣುವುದಿಲ್ಲ.

12ನೇ ಶತಮಾನದ ಶರಣರ ದಾರಿ ಬೇರೆ ಇತ್ತು. ಮಡಿವಾಳ ಮಾಚಯ್ಯ ಬಟ್ಟೆ ತೊಳೆಯುವುದನ್ನು ಬಿಡಲಿಲ್ಲ, ಅಂಬಿಗರ ಚೌಡಯ್ಯ ಹುಟ್ಟು ಕೆಳಗಿಡಲಿಲ್ಲ. ಕೆಲಸ ಬದಲಿಸದೆ ಕೆಲಸದ ಅರ್ಥವನ್ನು ಬದಲಿಸಿದರು. ಬಿಡುವ ಅನುಕೂಲ ಇಲ್ಲದವರಿಗೆ ಅದು ದೊಡ್ಡ ಮಾತು. ಆದರೆ ಅದರಲ್ಲೂ ಅಪಾಯ ಇದೆ. ‘ಇದ್ದಲ್ಲೇ ಇರು, ಅದರಲ್ಲೇ ಸ್ವರ್ಗ ಕಾಣು’ ಅಂತ ಯಜಮಾನನೂ ಹೇಳಬಲ್ಲ.

ನಮ್ಮ ಸೀಮೆಯನ್ನೇ ನೋಡಿ. ‘ಪಾಲಮೂರು ಲೇಬರ್’ ಅಂತ ದೇಶದ ತುಂಬ ಹೆಸರಾದವರು ಹಳೆಯ ಮಹಬೂಬನಗರ ಜಿಲ್ಲೆಯ ಜನ. ಅಣೆಕಟ್ಟು, ಕಾಲುವೆ, ರಸ್ತೆ ಕಟ್ಟಲು ಗುಂಪುಗುಂಪಾಗಿ ಊರು ಬಿಟ್ಟವರು. ಅವರದ್ದೂ ವೃತ್ತಿ ಬದಲಾವಣೆಯೇ. ಹೊಲ ಬಿಟ್ಟು ಗುದ್ದಲಿ ಹಿಡಿದರು. ಅದಕ್ಕೆ ಯಾರೂ ಅಂಕಿತ ಕೊಡಲಿಲ್ಲ. ನಾರಾಯಣಪೇಟೆಯಲ್ಲೋ ಗದ್ವಾಲಿನಲ್ಲೋ ಮಗ್ಗ ಬಿಟ್ಟು ಶಹರದಲ್ಲಿ ವಾಚ್‌ಮನ್ ಆಗುವ ನೇಕಾರನಿಗೆ ‘ಗುರಿ ಸಿಕ್ಕಿತು’ ಅಂತ ನಾವು ಹೇಳಿದರೆ ಅದು ಕ್ರೂರ. ಎಲ್ಲ ಬದಲಾವಣೆಯೂ ಅರ್ಥದ ಕಡೆಗೆ ಹೋಗಲ್ಲ. ದಾಸಕಥನಗಳನ್ನು ಪ್ರೇರಣೆಯ ಪಾಠ ಮಾಡಿ ಹೇಳುವ ಮೊದಲು ಈ ವ್ಯತ್ಯಾಸ ನೆನಪಿರಬೇಕು.

೭. ನಾನು ಇದನ್ನು ಯಾಕೆ ಓದುತ್ತಿದ್ದೇನೆ

ಸಂಶೋಧಕಿ ತನ್ನ ಬಗ್ಗೆ ಮಾತಾಡಬಾರದು ಅನ್ನುವ ಪದ್ಧತಿ ಇದೆ. ಆದರೆ ಈ ವಿಷಯದಲ್ಲಿ ಮುಚ್ಚಿಟ್ಟರೆ ಸರಿಯಲ್ಲ. ನಾನು ಮಕ್ತಲ್ ಕಡೆಯವಳು. ಮನೆಮಾತು ಕನ್ನಡ, ಓದಿದ್ದು ತೆಲುಗಿನಲ್ಲಿ, ದುಡಿದದ್ದು ಇಂಗ್ಲಿಷಿನಲ್ಲಿ. ಹೈದರಾಬಾದಿನಲ್ಲಿ ಆರು ವರ್ಷ ರಾತ್ರಿ ಪಾಳಿಯ ಮೆಡಿಕಲ್ ಬಿಲ್ಲಿಂಗ್ ಕೆಲಸ ಮಾಡಿ, ಬಿಟ್ಟು, ಕನ್ನಡ ಎಂ.ಎ.ಗೆ ಸೇರಿದೆ. ನಮ್ಮ ಕಾಕಾ ಕೇಳಿದ್ದು ಒಂದೇ ಮಾತು: ‘ಪಗಾರದ ಕೆಲಸ ಬಿಟ್ಟು ದಾಸರ ಪದ ಓದ್ಲಿಕ್ಕ ಹೊಂಟೀಯೇನವ್ವ? ಹೊಟ್ಟಿಗೇನ್ ಮಾಡ್ತಿ?’ ಇದು ಶ್ರೀನಿವಾಸಾಚಾರ್ಯರ ಹೊಟ್ಟೆಗಿಂತ ಸಣ್ಣ ಪ್ರಶ್ನೆಯೇನಲ್ಲ. ನನ್ನ ಉತ್ತರ ಈಗಲೂ ಅರ್ಧವೇ ಇದೆ. ಫೆಲೋಶಿಪ್ ಬರುತ್ತದೆ, ಸಾಲದಾಗ ತಮ್ಮನ ಪಗಾರ ಬರುತ್ತದೆ. ಅವನು ರಾತ್ರಿ ಪಾಳಿಯಲ್ಲಿದ್ದಾನೆ. ದತ್ತಸ್ವಾತಂತ್ರ್ಯ ಅಂದರೆ ನನಗೆ ಅದು.

ಆ ಆರು ವರ್ಷ ದಂಡವಾಯಿತೇನು? ಇಲ್ಲ. ಅಲ್ಲಿ ನನ್ನ ಕೆಲಸ ಒಂದು ಕಾಗದವನ್ನು ಇನ್ನೊಂದು ಕಾಗದಕ್ಕೆ ಸಾಲು ಸಾಲಾಗಿ ತಾಳೆ ನೋಡುವುದು. ಈಗಲೂ ಅದೇ ಮಾಡ್ತೀನಿ. ಮುದ್ರಿತ ದಾಸಪದದ ಪಕ್ಕ ನಮ್ಮ ಕಡೆಯ ಹೆಂಗಸರು ಹಾಡುವ ಪಾಠವನ್ನು ಇಟ್ಟು ಎಲ್ಲಿ ಅಕ್ಷರ ಬೇರೆಯಾಯಿತು, ಎಲ್ಲಿ ನುಡಿ ಜಾಸ್ತಿಯಾಯಿತು ಅಂತ ಗುರುತು ಹಾಕ್ತೀನಿ. ಆ ಹೆಂಗಸರಲ್ಲಿ ಹಲವರು ಕನ್ನಡದ ಹಾಡನ್ನು ತೆಲುಗು ಲಿಪಿಯಲ್ಲಿ ಬರೆದುಕೊಂಡಿದ್ದಾರೆ. ಹರಿಕಥಾಮೃತಸಾರವೂ ತೆಲುಗು ಲಿಪಿಯಲ್ಲಿ ಅಚ್ಚಾಗಿ ಸಿಗುತ್ತದೆ. ಎರಡೂ ಲಿಪಿ ಬಲ್ಲವಳಾದ್ದರಿಂದ ಲಿಪ್ಯಂತರದಲ್ಲಿ ಎಲ್ಲಿ ಹ್ರಸ್ವ ದೀರ್ಘವಾಯಿತು ಅಂತ ನನಗೆ ಬೇಗ ಕಾಣುತ್ತದೆ. ಶಾಲೆಯ ತೆಲುಗು ಕನ್ನಡದ ಸಂಶೋಧನೆಗೆ ಬಂಡವಾಳವಾಯಿತು.

ಕೃಷ್ಣಾ ಮಂಡಲದ ಕಡೆ ಇನ್ನೂ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಅಲ್ಲಿನ ಮಕ್ಕಳ ಅಪ್ಪ ಅವ್ವ ಕೇಳುವುದೂ ಕಾಕಾ ಕೇಳಿದ್ದನ್ನೇ: ಕನ್ನಡ ಓದಿದರೆ ಯಾವ ನೌಕರಿ? ನಾವು ವಿಭಾಗದವರು ಇದಕ್ಕೆ ‘ಭಾಷಾಭಿಮಾನ’ ಅಂತ ಉತ್ತರ ಕೊಟ್ಟರೆ ಸಾಲದು. ಅವರ ಕೈಯಲ್ಲಿ ಈಗಾಗಲೇ ಇರುವ ಎರಡು ಭಾಷೆಯ ಪಳಗಿಕೆಯಿಂದ ಯಾವ ಕೆಲಸಗಳು ಸಾಧ್ಯ ಅಂತ ಹೇಳಬೇಕು: ಅನುವಾದ, ಪಠ್ಯಪುಸ್ತಕ, ಗಡಿಭಾಗದ ಶಾಲೆಯ ಮೇಷ್ಟ್ರ ಕೆಲಸ, ಕಚೇರಿಯ ದುಭಾಷಿ ಕೆಲಸ, ಹಸ್ತಪ್ರತಿ ಪರಿಶೀಲನೆ.

೮. ಚರ್ಚೆಯಿಂದ

ಪ್ರಬಂಧದ ನಂತರ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ಒಬ್ಬ ಹಿರಿಯ ಪ್ರಾಧ್ಯಾಪಕರು ಕೇಳಿದರು: ‘ದಾಸರಾಗುವುದನ್ನು ವೃತ್ತಿ ಅಂತ ಕರೆದರೆ ಅವರ ಭಕ್ತಿಯನ್ನು ಕಡಿಮೆ ಮಾಡಿದಂತೆ ಆಗುವುದಿಲ್ಲವೇನಮ್ಮ?’ ಸರ್, ಆಗುವುದಿಲ್ಲ ಅಂತ ನನ್ನ ತಿಳಿವಳಿಕೆ. ಮಧುಕರ ವೃತ್ತಿ ಅನ್ನುವ ಮಾತನ್ನು ಆ ಪರಂಪರೆಯೇ ಬಳಸುತ್ತದೆ. ದಾಸನಿಗೆ ಸಲಕರಣೆ ಇದೆ, ದೀಕ್ಷೆ ಇದೆ, ಗುರುವಿನಿಂದ ಬರುವ ಅಂಕಿತ ಇದೆ, ದಿನಚರಿ ಇದೆ. ಭಕ್ತಿ ಈ ಶಿಸ್ತಿನೊಳಗೆ ದಿನಾ ನಡೆಯುವ ಕೆಲಸ. ಅದನ್ನು ಬರೀ ಭಾವ ಅಂದುಬಿಟ್ಟರೆ ಬಿಸಿಲಿನಲ್ಲಿ ಊರೂರು ನಡೆದ ಕಾಲುಗಳನ್ನು ಮರೆತ ಹಾಗೆ.

ಎಂ.ಎ. ಮೊದಲ ವರ್ಷದ ತಂಗಿಯೊಬ್ಬಳು ಚಾಟ್‌ನಲ್ಲಿ ಕೇಳಿದ್ದು: ‘ಅಕ್ಕಾ, ಹಂಗಾದ್ರ ನಾವು ಕೆಲಸ ಬದಲಿಸಬೇಕೋ ಬ್ಯಾಡೋ?’ ನಾನು ಹೇಳಿದ್ದು ಇಷ್ಟೆ. ಅದನ್ನು ದಾಸಸಾಹಿತ್ಯ ಹೇಳಲ್ಲಮ್ಮ. ಅದು ಮೂರು ಪ್ರಶ್ನೆ ಮಾತ್ರ ಕೊಡುತ್ತದೆ. ನಿನ್ನ ಕೈಗೆ ಈಗಾಗಲೇ ಏನು ಗೊತ್ತು? ಅದು ಯಾರ ಮುಂದೆ ಕೂರಬೇಕು? ನೀನು ಹೊರಟಾಗ ಯಾರ ವರ್ಷಗಳು ಖರ್ಚಾಗುತ್ತವೆ? ಮೂರನೆಯದನ್ನು ಕೇಳದೆ ಹೊರಡಬೇಡ. ಕೇಳಿದ ಮೇಲೂ ಹೊರಡಬೇಕು ಅನ್ನಿಸಿದರೆ ಅವರಿಗೆ ಹೇಳಿ ಹೊರಡು.

ಸಮಯ ಮುಗಿದಿದೆ ಅಂತ ಸಂಚಾಲಕರು ಹೇಳ್ತಾ ಇದ್ದಾರೆ. ಐಜ, ಗದ್ವಾಲ, ಮಕ್ತಲ್ ಸೀಮೆಯಲ್ಲಿ ಮನೆಯವರು ದಾಸರ ಪದ ಹಾಡುತ್ತಿದ್ದರೆ, ಯಾವ ಲಿಪಿಯಲ್ಲಿದ್ದರೂ ಸರಿ, ದಯವಿಟ್ಟು ವಿಭಾಗಕ್ಕೆ ತಿಳಿಸಿ. ತಾಳೆ ನೋಡುವ ಕೆಲಸ ಇನ್ನೂ ಬಹಳ ಉಳಿದಿದೆ.